ಓಡೋದು ಬೇಕೋ, ಬಾಳೋದು ಬೇಕೋ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಪ್ಲಗ್ ಪಾಯಿಂಟನ್ನು. ಮನೆಯವರು ನೀರು ಕೊಡುತ್ತಾರೆ, ಕುಂದ್ರಿ ಅನ್ನುತ್ತಾರೆ, ಆರಾಮ ಇದ್ದೀರೇನು ಅಂತ ಕೇಳುತ್ತಾರೆ. ನಾನು ಆರಾಮ ಅನ್ನುತ್ತಲೇ ಅವರ ಹೆಗಲಿನಾಚೆ, ಕ್ಯಾಲೆಂಡರಿನ ಕೆಳಗೆ, ಫ್ರಿಜ್ಜಿನ ಸಂದಿಯಲ್ಲಿ ಕಣ್ಣಾಡಿಸುತ್ತಿರುತ್ತೇನೆ. ಮೂರು ತೂತಿನ ಪ್ಲಗ್ ಕಂಡಿತೋ, ಜೀವ ತಂಪಾಗುತ್ತದೆ. ಎರಡೇ ತೂತಿನದಾದರೆ ಆ ಮನೆಯ ಚಹಾ ಎಷ್ಟೇ ರುಚಿಯಾಗಿದ್ದರೂ ಬೇಗ ಎದ್ದುಬಿಡುತ್ತೇನೆ. ಇದು ಹುಟ್ಟುಗುಣವಲ್ಲ. ಲ್ಯಾಪ್‌ಟಾಪ್ ಕೊಂಡ ಮೇಲೆ ಅಂಟಿದ್ದು. ಕೂಸನ್ನು ಎತ್ತಿಕೊಂಡು ಹೊರಟವಳು ಹಾಲಿನ ಬಾಟಲಿ ಮರೆಯದ ಹಾಗೆ ನಾನು ಚಾರ್ಜರ್ ಮರೆಯುವುದಿಲ್ಲ. ಅದೇನು ಹಗುರವೇ? ಇಟ್ಟಂಗಿಯಷ್ಟು ತೂಕದ ಕಪ್ಪು ಡಬ್ಬಿ, ಅದರ ಎರಡೂ ಕಡೆ ಉದ್ದನೆಯ ಬಾಲ. ಬ್ಯಾಗಿನಲ್ಲಿ ಅದನ್ನು ಇಟ್ಟ ಮೇಲೆ ಊಟದ ಡಬ್ಬಿಗೆ ಜಾಗ ಸಾಲದು.

ನಾನು ಚಿತ್ತಾಪುರದ ಪಿಯು ಕಾಲೇಜಿನಲ್ಲಿ ಫಿಜಿಕ್ಸ್ ಹೇಳಿಕೊಡುತ್ತೇನೆ. ಮನೆ ಸೇಡಂನಲ್ಲಿ, ದಿನಾ ರೈಲಿನಲ್ಲಿ ಓಡಾಟ. ರೈಲಿನಲ್ಲಿ ಕೂತು ಮರುದಿನದ ಪಾಠ ಸಿದ್ಧ ಮಾಡಿಕೊಳ್ಳಬಹುದಲ್ಲ ಎಂಬ ಆಸೆಯಿಂದಲೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟದ್ದು. ನಮ್ಮ ಮನೆಯವರೂ ಜೊತೆಗೆ ಬಂದಿದ್ದರು. ಅಂಗಡಿಯ ಇಸ್ಮಾಯಿಲ್ ಭಾಯಿ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಸೀರೆ ಅಂಗಡಿಯವನು ಸೆರಗು ಬಿಡಿಸುವ ಹಾಗೆ ಮುಚ್ಚಳ ತೆರೆದು ಕೇಳಿದರು.

“ಮೇಡಂ, ಒಂದು ಮಾತು ಮೊದಲೇ ಹೇಳ್ರಿ. ನಿಮಗ ಓಡೋದು ಬೇಕೋ, ಬಾಳೋದು ಬೇಕೋ?”

“ಅಂದ್ರ?”

“ಇದು ಭಾಳ ಜೋರು ಓಡ್ತದರಿ. ಆದ್ರ ಬ್ಯಾಟರಿ ಜಲ್ದಿ ಖಾಲಿ. ಇದು ಜರಾ ನಿಧಾನ. ಮುಂಜಾನಿ ಚಾರ್ಜ್ ಮಾಡಿದ್ರ ಸಂಜಿತನಕ ಚಿಂತಿ ಇಲ್ಲ. ಎರಡೂ ಒಂದರಾಗೇ ಬೇಕು ಅಂದ್ರ ಅಂಥಾದ್ದು ನನ್ನ ಹತ್ರ ಇಲ್ರಿ.”

ನಮ್ಮ ಮನೆಯವರು ಬಾಳುವ ಯಂತ್ರದ ಬೆನ್ನನ್ನು ಆಗಲೇ ಸವರಲು ಶುರು ಮಾಡಿದ್ದರು. ನಾನು ಓಡುವುದರ ಮೇಲೆ ಕೈ ಇಟ್ಟುಬಿಟ್ಟೆ.

“ಇಕಿ ಮೊದಲಿಂದ ಹಂಗೇ ಇದ್ದಾಳ್ರಿ, ಅದನ್ನೇ ಕಟ್ಟಿಬಿಡ್ರಿ,” ಅಂದರು ನಮ್ಮ ಮನೆಯವರು ನಿಟ್ಟುಸಿರು ಬಿಟ್ಟು.

ಅವರ ಮಾತು ಸುಳ್ಳಲ್ಲ. ನನ್ನದು ಅವಸರದ ಜೀವ. ನಾನು ನಡೆದರೆ ಜೊತೆಗಿದ್ದವರು ಹಿಂದೆ ಉಳಿಯುತ್ತಾರೆ. ಎದುರಿನವರು ಒಂದು ಮಾತು ಶುರು ಮಾಡಿದರೆ ಅದನ್ನು ಮುಗಿಸುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ, ಅದೂ ಹಲವು ಸಲ ತಪ್ಪಾಗಿ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರರು, ನನಗೆ ಪೂರಾ ಎದುರು. ಅವರು ಒಂದು ಚಪಾತಿಯ ಅಂಚನ್ನು ಮುಟ್ಟುವಷ್ಟರಲ್ಲಿ ನನ್ನ ಊಟ ಮುಗಿದು ತಾಟು ತೊಳೆದಾಗಿರುತ್ತದೆ. ಆಮೇಲೆ ಅವರ ಎದುರು ಕೂತು ಅವರು ಅಗಿಯುವುದನ್ನೇ ನೋಡುತ್ತಿರುತ್ತೇನೆ. ಹೀಗೆ ನೋಡುತ್ತಾ ನೋಡುತ್ತಾ ಎಷ್ಟೋ ವರ್ಷ ಸಂಸಾರ ನಡೆದಿದೆ.

ಯಂತ್ರವೇನೋ ಮಾತಿಗೆ ತಕ್ಕಂತೆ ಓಡಿತು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಎದ್ದು ಕೂಡುತ್ತಿತ್ತು. ಗ್ರಹಗಳು ಸೂರ್ಯನ ಸುತ್ತ ತಿರುಗುವ ಚಿತ್ರ ಹಾಕಿದರೆ ನಮ್ಮ ವಿದ್ಯಾರ್ಥಿಗಳು ಬಾಯಿ ತೆರೆದು ನೋಡುತ್ತಿದ್ದರು. ಆದರೆ ವಾಡಿ ಜಂಕ್ಷನ್ನಿನಲ್ಲಿ ಯಾವುದೋ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ನಮ್ಮ ರೈಲು ತಡವಾಗುವ ದಿನಗಳಿರುತ್ತವಲ್ಲ, ಆ ದಿನಗಳಲ್ಲಿ ಚಿತ್ತಾಪುರದ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಅದು ಬ್ಯಾಟರಿ ಮುಗಿಸಿ ರೈಲಿಗಿಂತ ಮೊದಲೇ ಊರು ಸೇರುತ್ತಿತ್ತು. ಮುಚ್ಚಳ ಮುಚ್ಚಿ, ಬಿಸಿಯಾದ ಅದರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂಡುವುದಷ್ಟೇ ನನ್ನ ಪಾಲಿಗೆ ಉಳಿಯುತ್ತಿತ್ತು. ಚಳಿಗಾಲದಲ್ಲಿ ಅದೂ ಒಂದು ಲಾಭವೇ.

ಫಿಜಿಕ್ಸ್ ಓದಿದವಳಿಗೆ ಇದರ ಕಾರಣ ಗೊತ್ತಿಲ್ಲದೆ ಇಲ್ಲ. ಯಂತ್ರದ ಮಿದುಳು ಅನ್ನಿಸಿಕೊಳ್ಳುವ ಪ್ರೊಸೆಸರ್ ಇದೆಯಲ್ಲ, ಅದನ್ನು ಹೆಚ್ಚು ವೇಗವಾಗಿ ಓಡಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಹಾಗಾಗಿ ಓಟ ಒಂದು ಪಾಲು ಹೆಚ್ಚಿದರೆ ಖರ್ಚು ಒಂದು ಪಾಲಿಗೆ ನಿಲ್ಲುವುದಿಲ್ಲ, ಓಟವನ್ನೂ ಹಿಂದೆ ಹಾಕಿ ಮುಂದೆ ಹೋಗುತ್ತದೆ. ಖರ್ಚಾದದ್ದು ಬಿಸಿಯಾಗಿ ಹೊರಬರುತ್ತದೆ. ಆ ಬಿಸಿ ಕಳೆಯಲು ಒಳಗೊಂದು ಫ್ಯಾನು. ಆ ಫ್ಯಾನಿಗೂ ಅದೇ ಬ್ಯಾಟರಿಯದೇ ಅನ್ನ. ಹೀಗೆ ಬೋರ್ಡಿನ ಮೇಲೆ ಬರೆದು ವಿವರಿಸುವಾಗ ನಾನು ಬಹಳ ಜಾಣೆ. ಅಂಗಡಿಯಲ್ಲಿ ಮಾತ್ರ ಆ ಜಾಣತನ ಬ್ಯಾಗಿನಲ್ಲೇ ಉಳಿದಿತ್ತು.

ನಿಜ ಹೇಳಬೇಕೆಂದರೆ ಈ ಪಾಠವನ್ನು ನಾನು ಕಾಲೇಜಿಗೆ ಹೋಗುವ ಮೊದಲೇ ಅಡುಗೆಮನೆಯಲ್ಲಿ ಕಲಿಯಬಹುದಿತ್ತು. ನಾನು ಬೆಳೆದದ್ದು ಶಹಾಬಾದಿನಲ್ಲಿ. ನೆಲಕ್ಕೂ ಅದೇ ಊರಿನ ಪರಸಿ ಕಲ್ಲು, ಮಾಳಿಗೆಗೂ ಅದೇ. ಮನೆಯಲ್ಲಿ ಅವ್ವ ಮತ್ತು ಚಿಕ್ಕಪ್ಪನ ಹೆಂಡತಿ ಕಾಕು ಇಬ್ಬರದೂ ಒಂದೇ ಅಡುಗೆಮನೆ. ರಾಯರ ಆರಾಧನೆಯ ದಿನ ಮನೆತುಂಬ ಜನ ಇರುತ್ತಿದ್ದರು. ಅವ್ವ ಸೂರ್ಯ ಹುಟ್ಟುವ ಮೊದಲೇ ಮಡಿಯುಟ್ಟು ಶುರು ಮಾಡಿದರೆ ಬಿರುಗಾಳಿ. ಕಾಯಿ ತುರಿಯುವುದು, ಹೂರಣ ರುಬ್ಬುವುದು, ನಡುವೆ ನಮ್ಮನ್ನು ಬೈಯುವುದು, ಎಲ್ಲ ಒಂದೇ ಉಸಿರಿಗೆ. ಎಲೆ ಹಾಕುವ ಹೊತ್ತಿಗೆ ತಲೆಗೆ ಅರಿವೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದಳು. ಕಾಕು ಮುಂಜಾನೆ ಹೇಗೆ ಹಾಡು ಹೇಳಿಕೊಂಡು ಸಾರು ತಿರುವುತ್ತಿದ್ದಳೋ ಕೊನೆಯ ಪಂಕ್ತಿ ಏಳುವಾಗಲೂ ಹಾಗೇ ತಿರುವುತ್ತಿದ್ದಳು. ಆದರೆ ಕಾಕು ಒಬ್ಬಳೇ ಇದ್ದಿದ್ದರೆ ಜನ ಉಣ್ಣುವುದು ಮರುದಿನವೇ ಆಗುತ್ತಿತ್ತು ಎಂಬುದನ್ನೂ ಹೇಳಬೇಕು.

ಇನ್ನು ಅಪ್ಪನ ರೇಡಿಯೋ. ಅದರ ಸೆಲ್ಲುಗಳು ಸೊರಗಿದಾಗ ಅಪ್ಪ ಅವನ್ನು ತೆಗೆದು ಮಾಳಿಗೆಯ ಕಾದ ಕಲ್ಲಿನ ಮೇಲೆ ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ಒಣಗಲು ಇಡುತ್ತಿದ್ದರು. ಸಂಡಿಗೆಗೆ ಕಾಗೆ ಬರದ ಹಾಗೆ ಕಾಯುವ ನಾನು ಸೆಲ್ಲುಗಳನ್ನೂ ಕಾಯಬೇಕಿತ್ತು. ಸಂಜೆ ಹಾಕಿದರೆ ರೇಡಿಯೋ ಮತ್ತೆ ಮಾತಾಡುತ್ತಿತ್ತು, ಜ್ವರ ಬಿಟ್ಟೆದ್ದವರ ದನಿಯಲ್ಲಿ. ಅಪ್ಪ ವಾರ್ತೆ ಕೇಳಿ ಟಕ್ಕನೆ ಆರಿಸಿಬಿಡುತ್ತಿದ್ದರು. ಹಾಡು ಶುರುವಾಗುವ ಮೊದಲಿನ ಆ ಒಂದು ಕ್ಷಣದ ಪಿಟೀಲು ಮಾತ್ರ ನಮ್ಮ ಪಾಲಿಗೆ. ಎಷ್ಟೋ ಹಾಡುಗಳ ಮೊದಲ ತುಣುಕು ನನಗೆ ಬಾಯಿಪಾಠ ಇದೆ, ಮುಂದಿನದು ಗೊತ್ತಿಲ್ಲ.

ಮಾತು ಎಲ್ಲಿಗೋ ಹೋಯಿತು. ನಾನು ಹೇಳಹೊರಟದ್ದು ಭಾಗ್ಯಳ ಅಜ್ಜಿ ನರಸಮ್ಮನ ಸಂಗತಿ.

ಭಾಗ್ಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಈಚೆಗೆ ಸೇಡಂನಲ್ಲಿ ಅವಳ ಮದುವೆಯಾಯಿತು. ಗಂಡ ಸುರೇಶ ಶಹಾಬಾದಿನವನು, ಔಷಧದ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆಗೆ ಎಲ್ಲರೂ ಬಂದಿದ್ದರು, ಅವಳ ತಾಯಿಯ ತಾಯಿ ನರಸಮ್ಮನೊಬ್ಬಳು ಬಿಟ್ಟು. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಅಂಚಿನಲ್ಲಿರುವ ಒಂದು ಸಣ್ಣ ಊರಿನಲ್ಲಿ ಮಗನ ಮನೆಯಲ್ಲಿ ಇರುವ ಆ ಮುದುಕಿ, ಮದುವೆಗೆ ಹೊರಡುವ ಸಂಭ್ರಮದಲ್ಲೇ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು.

ಒಂದು ದಿನ ಲ್ಯಾಬಿನಲ್ಲಿ ಭಾಗ್ಯ ಹಿಂದುಮುಂದು ನೋಡುತ್ತ ಬಂದು ನಿಂತಳು.

“ಮೇಡಂ, ನಿಮ್ಮ ಲ್ಯಾಪ್‌ಟಾಪ್ ಒಂದಿನ ಬೇಕಾಗಿತ್ರಿ. ನಮ್ಮ ಆಯಿಗೆ ಮದುವಿ ವಿಡಿಯೋ ತೋರಿಸಬೇಕು.”

“ಅವರ ಮನ್ಯಾಗ ಟಿವಿ ಇಲ್ಲೇನು?”

“ಟಿವಿ ಅದರಿ, ಕರೆಂಟ್ ಇಲ್ಲ. ಗಾಳಿಗೆ ಗಿಡ ಬಿದ್ದು ಲೈನ್ ಹರದಾವ. ಫೋನಿನ್ಯಾಗ ನೋಡು ಅಂದ್ರ ಮಂದಿ ಎಲ್ಲ ಇರುವಿ ಕಂಡಂಗ ಕಾಣ್ತಾರ ಅಂತಾಳ.”

“ಕರೆಂಟ್ ಬರೋತನಕ ತಡದ್ರ ಆಗಂಗಿಲ್ಲೇನು?”

ಭಾಗ್ಯ ತಲೆ ಅಲ್ಲಾಡಿಸಿದಳು. “ಊಟ ಸರಿ ಮಾಡವಲ್ಲಳಂತ್ರಿ. ಯಾರ ಜೋಡಿನೂ ಮಾತಿಲ್ಲ. ಮದುವಿ ನೋಡಬೇಕು, ಮದುವಿ ನೋಡಬೇಕು ಅಂತ ಒಂದೇ ಹಟ. ಮಾಮಾ ಹೆದರ್ಯಾನ.”

ನನಗೆ ಇಷ್ಟು ಸಾಕು. ನಮ್ಮ ಯಂತ್ರದ ಓಟವನ್ನು ಒಂದು ಊರಿಗೆ ಊರೇ ನೋಡುವ ಅವಕಾಶ. ನಾನೇ ತರುತ್ತೇನೆ ಅಂದೆ.

ಭಾನುವಾರ ನಮ್ಮ ಕಾರಿನಲ್ಲಿ ಹೊರಟೆವು. ನಡೆಸುವವರು ನಮ್ಮ ಮನೆಯವರು, ಹಿಂದೆ ಭಾಗ್ಯ, ಸುರೇಶ ಮತ್ತು ಭಾಗ್ಯಳ ತಾಯಿ ಮಲ್ಲಮ್ಮ. ಸಿಮೆಂಟಿನ ಲಾರಿಗಳು ಒಂದಾದ ಮೇಲೊಂದು ನಮ್ಮನ್ನು ಹಿಂದೆ ಹಾಕಿದವು. ಅದಕ್ಕೆ ನಾನೇನೂ ಅನ್ನಲಿಲ್ಲ. ಚಿಂಚೋಳಿ ರಸ್ತೆಯಲ್ಲಿ ತೊಗರಿಕಟ್ಟಿಗೆ ಹೇರಿಕೊಂಡ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆದು ಮುಂದೆ ಹೋದಾಗ ಮಾತ್ರ ಅವರ ಮುಖ ನೋಡಿದೆ.

“ಹೋಗ್ಲಿ ಬಿಡು, ಅವನಿಗೇನು ಅರ್ಜೆಂಟ್ ಅದನೋ,” ಅಂದರು.

ಊರು ತಲುಪಿದಾಗ ಊಟದ ಹೊತ್ತು ದಾಟಿತ್ತು. ನರಸಮ್ಮ ಅಂಗಳದ ಬೇವಿನ ನೆರಳಿನಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ಒಂದು ಕಾಲಿಗೆ ಪ್ಲಾಸ್ಟರ್. ಸಣ್ಣ ಮೈ, ದೊಡ್ಡ ಕಣ್ಣು. ಮೊಮ್ಮಗಳ ಗಂಡನನ್ನು ಕಂಡು “ರಾ ನಾಯನಾ, ರಾ” ಎಂದು ತೆಲುಗಿನಲ್ಲಿ ಕರೆದಳು. ನನ್ನನ್ನು ಕಂಡು ಕನ್ನಡಕ್ಕೆ ಹೊರಳಿದಳು.

“ಬಾ ಯವ್ವಾ, ಕುಂದರು. ಎಲ್ಲಿ ಅದು, ಮದುವಿ ತುಂಬಿಕೊಂಡು ಬಂದಿದ್ದು?”

ನಾನು ಲ್ಯಾಪ್‌ಟಾಪ್ ತೆಗೆದೆ. ಬ್ಯಾಟರಿ ಪೂರಾ ತುಂಬಿತ್ತು. ನೋಡಲು ಓಣಿಯೇ ಕೂಡಿತು. ಆದರೆ ಆ ಬಿಸಿಲಿನಲ್ಲಿ ಪರದೆಯ ಮೇಲೆ ನಮ್ಮ ಮುಖಗಳೇ ಕಂಡವೇ ಹೊರತು ಮದುವೆ ಕಾಣಲಿಲ್ಲ. ಹೊರಸನ್ನು ಮುದುಕಿಯ ಸಮೇತ ಒಳಗೆ ಒಯ್ದರು. ಕಿಟಕಿಗೆ ಕಂಬಳಿ ಕಟ್ಟಿದರು. ಜೋಳದ ಚೀಲದ ಮೇಲೆ ಯಂತ್ರವನ್ನು ಇಟ್ಟು ಪೆನ್‌ಡ್ರೈವ್ ಸಿಕ್ಕಿಸಿದೆ.

ವಿಡಿಯೋದವನು ಬಹಳ ಶ್ರದ್ಧೆಯ ಮನುಷ್ಯ. ಮೂರು ತಾಸಿನ ಮದುವೆ, ಅದೂ ಇರುವುದರಲ್ಲೆಲ್ಲ ದೊಡ್ಡ ಅಳತೆಯ ಚಿತ್ರ. ಒಬ್ಬೊಬ್ಬರ ಮೂಗುತಿಯ ಹರಳು ಎಣಿಸಬಹುದು. ನನ್ನ ಯಂತ್ರ ಹುರುಪಿನಿಂದ ಎದ್ದಿತು, ಅದರ ಫ್ಯಾನು ಭರ್ರೆಂದಿತು.

“ಇದೇನಿದು, ಒಳಗ ಹಿಟ್ಟಿನ ಗಿರಣಿ ಅದ ಏನು?” ಎಂದು ನರಸಮ್ಮ ಕೇಳಿದಳು.

ಅರಿಶಿನ ಹಚ್ಚುವುದು ಮುಗಿಯುವ ಹೊತ್ತಿಗೆ ಮೂಲೆಯ ಅಂಕಿ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಗತಿಯಲ್ಲಿ ಹೋದರೆ ವರ ಮಂಟಪಕ್ಕೆ ಬರುವುದರೊಳಗೆ ಬ್ಯಾಟರಿ ಹೋಗುತ್ತದೆ. ಕಾರಿನಲ್ಲಿ ಚಾರ್ಜ್ ಮಾಡೋಣವೆಂದರೆ ಅದರ ಸಾಕೆಟ್ಟು ಫೋನಿಗಷ್ಟೇ ಸಾಕು, ನನ್ನ ಯಂತ್ರ ಅದರತ್ತ ಕಣ್ಣೆತ್ತಿಯೂ ನೋಡದು. ಇಟ್ಟಂಗಿಯಂಥ ಚಾರ್ಜರ್ ಬ್ಯಾಗಿನಲ್ಲಿ ಇದ್ದೂ ಇಲ್ಲದಂತಾಗಿತ್ತು.

ಬ್ಯಾಟರಿ ಉಳಿಸುವ ಗುಂಡಿ ಒತ್ತಿದೆ. ಗಿರಣಿ ನಿಂತಿತು. ಜೊತೆಗೆ ಮದುವೆಯೂ ನಿಂತಿತು. ಆಮೇಲೆ ಒಮ್ಮೆಲೇ ಜಿಗಿಯಿತು. ಪುರೋಹಿತರ ಕೈ ಮೇಲೆ ಹೋದದ್ದು ಅಲ್ಲೇ ನಿಂತು, ಏಕಾಏಕಿ ಅವರು ಬೇರೆ ಮೂಲೆಯಲ್ಲಿ ಪ್ರತ್ಯಕ್ಷರಾದರು. ಆರತಿ ಹಿಡಿದ ಹೆಂಗಸರು ಮಿಡತೆಗಳ ಹಾಗೆ ಕುಪ್ಪಳಿಸಿದರು. ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು. ನರಸಮ್ಮ ನಗಲಿಲ್ಲ.

“ನಮ್ಮ ಮದುವ್ಯಾಗ ಯಾರೂ ಹಿಂಗ ಕುಣಿಯಂಗಿಲ್ಲವ್ವ. ಸರಿ ಮಾಡು.”

ಮತ್ತೆ ಓಡುವ ಗುಂಡಿ, ಮತ್ತೆ ಗಿರಣಿ. ಮತ್ತೆ ಉಳಿಸುವ ಗುಂಡಿ, ಮತ್ತೆ ಮಿಡತೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ನಮ್ಮ ಮನೆಯವರು ಆಗ ಬಾಯಿ ಬಿಟ್ಟರು.

“ಸುಧಾ, ನಡುವ ಒಂದು ಇರಬೇಕಲ್ಲ?”

ನಡುವೆ ಒಂದು ಇತ್ತು. ಕೊಂಡ ದಿನದಿಂದ ಅದನ್ನು ನಾನು ಮುಟ್ಟಿರಲಿಲ್ಲ. ಅತ್ತ ಓಟವೂ ಅಲ್ಲ ಇತ್ತ ಉಳಿತಾಯವೂ ಅಲ್ಲ, ಅದೇನು ಬದುಕು ಎಂಬ ತಾತ್ಸಾರ. ಒತ್ತಿದೆ. ಫ್ಯಾನು ಉಸಿರಿನಷ್ಟು ಮೆಲ್ಲಗಾಯಿತು. ಪುರೋಹಿತರು ಕೈ ಇಳಿಸಿ ಶಾಂತವಾಗಿ ಅಕ್ಷತೆ ತೆಗೆದುಕೊಂಡರು. ವೈಫೈ ಆರಿಸಿದೆ. ಹಿಂದೆ ನಾನೇ ತೆರೆದು ಮರೆತಿದ್ದ ಪಾಠದ ಕಿಟಕಿಗಳನ್ನೆಲ್ಲ ಮುಚ್ಚಿದೆ. ಪರದೆಯ ಬೆಳಕು ಇಳಿಸಿದೆ. ನಮ್ಮ ಮನೆಯವರ ಕಡೆ ತಿರುಗಿ ನೋಡಿದೆ. ಅವರು ಕಂಬಳಿಯ ಅಂಚನ್ನು ಸರಿಪಡಿಸುವುದರಲ್ಲಿ ಮಗ್ನರಾಗಿದ್ದರು.

ಆದರೆ ಆಗಲೇ ಬಹಳ ಖರ್ಚಾಗಿತ್ತು. ಸಾಲದ್ದಕ್ಕೆ ಸುರೇಶನ ಮೆರವಣಿಗೆ. ಡ್ರೋನಿನಿಂದ ತೆಗೆದದ್ದು. ಅವನು ಕುದುರೆಯ ಮೇಲೆ ಬರುತ್ತಲೇ ಇದ್ದಾನೆ, ಮುಂದೆ ಗೆಳೆಯರು ಕುಣಿಯುತ್ತಲೇ ಇದ್ದಾರೆ, ಓಣಿ ಮುಗಿಯುತ್ತಿಲ್ಲ. ನಾನು ವಿಡಿಯೋ ನಿಲ್ಲಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಳಿದ ಬ್ಯಾಟರಿಯಲ್ಲಿ ಪೂರ್ತಿ ನೋಡಲಾಗುವುದಿಲ್ಲ, ಏನು ಬೇಕೋ ಆರಿಸಿಕೊಳ್ಳಿ ಅಂದೆ.

“ಇನ್ನ ಜರಾ ಮೆರವಣಿಗಿ ನೋಡೂಣ್ರಿ,” ಅಂದ ಸುರೇಶ.

“ತಾಳಿ ಕಟ್ಟೋದು ತೋರಿಸ್ರಿ, ಅದೇ ಮುಖ್ಯ,” ಅಂದಳು ಮಲ್ಲಮ್ಮ.

ಭಾಗ್ಯ ತನ್ನ ರೇಷ್ಮೆ ಸೀರೆಯ ಪ್ರವೇಶ ಅಂತ ಏನೋ ಹೇಳಹೊರಟು ಅಜ್ಜಿಯ ಮುಖ ನೋಡಿ ಸುಮ್ಮನಾದಳು.

“ಊಟ ತೋರಿಸು,” ಅಂದಳು ನರಸಮ್ಮ.

ನಾವೆಲ್ಲ ಅವಳನ್ನೇ ನೋಡಿದೆವು.

“ಊಟ, ಊಟ. ಮಂದಿ ಪಂಕ್ತ್ಯಾಗ ಕುಂತು ಉಣ್ತಾರಲ್ಲ, ಅದು.”

ಊಟ ಸರಿಯಾಗಿ ಮಾಡದ ಮುದುಕಿಗೆ ಬೂಂದಿ ನೋಡುವ ಆಸೆಯಾಗಿರಬೇಕು ಎಂದುಕೊಂಡು ನಾನು ವಿಡಿಯೋವನ್ನು ಮುಂದಕ್ಕೆ ಓಡಿಸಿದೆ. ತಾಳಿಯ ಗಟ್ಟಿಮೇಳ ಕಣ್ಣೆದುರಿಗೇ ಸರ್ರನೆ ಹಾದುಹೋಯಿತು. ಮಲ್ಲಮ್ಮ ಹಣೆ ಚಚ್ಚಿಕೊಂಡಳು. ಊಟದ ಸಾಲು ಬಂತು. ಶ್ರದ್ಧೆಯ ವಿಡಿಯೋದವನು ಒಂದೊಂದು ಎಲೆ, ಒಂದೊಂದು ಮುಖ ಬಿಡದೆ ಸಾಲಿನುದ್ದಕ್ಕೂ ನಡೆದಿದ್ದ. ನರಸಮ್ಮ ಹೊರಸಿನಿಂದ ಬಾಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದಳು.

“ಕತ್ತಲ ಅದಲ್ಲವ್ವ. ಬೆಳಕು ಹೆಚ್ಚು ಮಾಡು.”

ಬೆಳಕಿಗೇ ಬ್ಯಾಟರಿ ಹೋಗುವುದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಬೆಳಕು ಏರಿಸಿದೆ.

“ಮುಂದ… ಮುಂದ… ಇಂವ ಅಲ್ಲ… ಮುಂದ… ನಿಲ್ಲಸು.”

ನಿಲ್ಲಿಸಿದೆ. ಪರದೆಯ ಮೇಲೆ ಹಸಿರು ಸೀರೆಯ ಒಬ್ಬ ವಯಸ್ಸಾದ ಹೆಂಗಸು. ಕೈಯಲ್ಲಿ ತುತ್ತು, ಬಾಯಿ ಅರೆ ತೆರೆದಿದೆ. ಕ್ಯಾಮೆರಾ ಕಂಡು ಸಿಟ್ಟಾದಂತಿದೆ. ಅದೇ ದೊಡ್ಡ ಕಣ್ಣು.

“ಚೆನ್ನಿ,” ಅಂದಳು ನರಸಮ್ಮ.

ಮಲ್ಲಮ್ಮ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಸಂಗತಿ ಹೇಳಿದಳು. ಚೆನ್ನಮ್ಮ ನರಸಮ್ಮನ ಒಬ್ಬಳೇ ತಂಗಿ, ತಾಂಡೂರಿನಲ್ಲಿ ಇರುವವಳು. ಕೆಲವು ವರ್ಷಗಳ ಹಿಂದೆ ಅವಳ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದ ನರಸಮ್ಮ, ಬೀಗರೆಲ್ಲ ಉಣ್ಣಲು ಕೂತಾಗ, “ಇದೇನು ಚೆನ್ನಿ, ಬ್ಯಾಳಿ ಹುಡುಕಲಿಕ್ಕೆ ದೀಪ ಹಚ್ಚಬೇಕೇನು?” ಎಂದುಬಿಟ್ಟಿದ್ದಳು. ತೊಗರಿ ಬೆಳೆಯುವ ಸೀಮೆಯಲ್ಲಿ ಬೇಳೆ ತೆಳ್ಳಗಾಯಿತು ಎನ್ನುವುದಕ್ಕಿಂತ ದೊಡ್ಡ ಮಾತಿಲ್ಲ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತ್ತು.

“ಸಣ್ಣವ್ವ ಮದುವಿಗಿ ಬಂದಿದ್ಳು ಅಂತ ನಾವೆಲ್ಲ ಹೇಳಿದ್ವಿರಿ. ನನ್ನ ಸಮಾಧಾನಕ್ಕ ಸುಳ್ಳು ಹೇಳ್ತೀರಿ ಅಂತ ನಂಬಲೇ ಇಲ್ಲ,” ಅಂದಳು ಮಲ್ಲಮ್ಮ. “ಇದನ್ನ ನೋಡಲಿಕ್ಕೇ ಹಟ ಹಿಡದಾಳ ಅಂತ ನನಗೂ ಈಗೇ ತಿಳೀತು.”

ನರಸಮ್ಮ ಆ ನಿಂತ ಚಿತ್ರವನ್ನೇ ನೋಡುತ್ತಿದ್ದಳು.

“ಸೊರಗ್ಯಾಳ. ಕೂದಲು ಪೂರಾ ಬೆಳ್ಳಗ ಆಗ್ಯಾವ. ಸೀರಿ ನೋಡು, ನಾ ಕೊಟ್ಟಿದ್ದು.” ಆಮೇಲೆ ತನ್ನಷ್ಟಕ್ಕೇ ಅಂದಳು. “ನಾ ಬರಂಗಿಲ್ಲ ಅಂತ ಗೊತ್ತಾಗೇ ಬಂದಿರಬೇಕು.”

“ಇಲ್ಲವ್ವ, ಅಕಿಗೆ ಗೊತ್ತಿದ್ದಿಲ್ಲ…” ಎಂದು ಮಲ್ಲಮ್ಮ ಶುರು ಮಾಡಿದಳು.

“ನೀ ಹೇಳಬ್ಯಾಡ.”

ನಾನು ಸದ್ದಿಲ್ಲದೆ ಎಲ್ಲಕ್ಕಿಂತ ನಿಧಾನದ ಗುಂಡಿ ಒತ್ತಿದೆ. ನಿಂತ ಚಿತ್ರಕ್ಕೆ ಓಟ ಯಾಕೆ ಬೇಕು? ಫ್ಯಾನು ಪೂರಾ ನಿಂತಿತು. ಕೊಂಡ ದಿನದಿಂದ ಆ ಯಂತ್ರ ಅಷ್ಟು ಸಮಾಧಾನವಾಗಿ ಇದ್ದುದನ್ನು ನಾನು ಕಂಡಿರಲಿಲ್ಲ. ಬೆಳಕನ್ನು ಮಾತ್ರ ಇಳಿಸಲಿಲ್ಲ. ಮೂಲೆಯ ಅಂಕಿ ಇಳಿಯುತ್ತಾ ಬಂತು, ಕೆಂಪಾಯಿತು. ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಮುದುಕಿ ಪರದೆಯ ಮೇಲೆ ಬೆರಳಿಟ್ಟು ತಂಗಿಯ ಸೆರಗು ಸರಿಪಡಿಸಲು ನೋಡಿದಳು. ಅದಾದ ಕೊಂಚ ಹೊತ್ತಿಗೆ ಚಿತ್ರ ಆರಿತು.

ಯಾರೋ ಕಿಟಕಿಯ ಕಂಬಳಿ ಸರಿಸಿದರು. ಬೆಳಕು ಬಂತು.

“ನನ್ನ ಮದುವಿ ಆಯ್ತೋ ಇಲ್ಲೋ ಆಯಿಗೆ ಗೊತ್ತೇ ಆಗಲಿಲ್ಲಲ್ಲ,” ಅಂದ ಸುರೇಶ, ಕುದುರೆಯಿಂದ ಇಳಿಯುವುದು ಬಾಕಿ ಇದ್ದವನ ಮುಖ ಮಾಡಿಕೊಂಡು.

“ಆಗ್ಯದ ಬಿಡು. ಇಕಿ ಕೊಳ್ಳಾಗ ತಾಳಿ ಕಾಣಾಕತ್ತದಲ್ಲ,” ಅಂದಳು ನರಸಮ್ಮ. ಆಮೇಲೆ ಮಗಳ ಕಡೆ ತಿರುಗಿದಳು. “ಚೆನ್ನಿಗೆ ಫೋನ್ ಹಚ್ಚು.”

ಫೋನ್ ಹಚ್ಚುವುದು ಆ ಊರಿನಲ್ಲಿ ಅಷ್ಟು ಸುಲಭವಲ್ಲ. ಮನೆಗಳ ಹಿಂದೆ ಒಂದು ದಿಬ್ಬ ಇದೆ, ಅದರ ನೆತ್ತಿಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ನಾನೇ ಹೋಗಿ ಮಾತಾಡಿ ಬಂದು ಏನಂದಳು ಅಂತ ಹೇಳುತ್ತೇನೆ ಎಂದಳು ಮಲ್ಲಮ್ಮ.

“ನೀ ಹೇಳಿದ್ದು ಭಾಳ ಕೇಳೀನಿ. ಅಕಿ ಹೇಳಲಿ,” ಅಂದಳು ಮುದುಕಿ, ಹೊರಸಿನ ಎರಡೂ ಪಟ್ಟಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. ಎತ್ತಿರಿ ಎಂಬುದೇ ಅದರ ಅರ್ಥ.

ಎತ್ತಿದರು. ಹೊರಸಿನ ಒಂದು ಕಾಲಿಗೆ ಸುರೇಶ, ಒಂದಕ್ಕೆ ಭಾಗ್ಯಳ ಮಾಮಾ, ಒಂದಕ್ಕೆ ನೆರೆಮನೆಯವನು, ಇನ್ನೊಂದಕ್ಕೆ ನಮ್ಮ ಮನೆಯವರು. ನಾನು ಮುಂದೆ ಮುಂದೆ ಹೋಗಿ ಇಲ್ಲಿ ಕಲ್ಲು, ಅಲ್ಲಿ ಮುಳ್ಳು ಎಂದು ಕೂಗುತ್ತಿದ್ದೆ. ಬೇಗ ಹೋಗೋಣ ಎಂದು ಉಳಿದ ಮೂವರು ಹೆಜ್ಜೆ ಹೆಚ್ಚಿಸಿದಾಗಲೆಲ್ಲ ಹೊರಸು ವಾಲಿ ಮುದುಕಿ “ಅಮ್ಮೋ” ಅನ್ನುತ್ತಿದ್ದಳು. ಕೊನೆಗೆ ಮೂವರೂ ನಮ್ಮ ಮನೆಯವರ ನಡಿಗೆಗೆ ಹೊಂದಿಕೊಂಡರು. ಊರಿನ ಅರ್ಧ ಜನ ಹಿಂದೆ ನಡೆದು ಬಂದರು. ಒಂದು ಆಡು ಕೂಡ ಬಂತು.

ನೆತ್ತಿಯಲ್ಲಿ ಹೊರಸು ಇಳಿಸಿದರು. ಭಾಗ್ಯ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಅಜ್ಜಿಯ ಮುಂದೆ ಹಿಡಿದಳು.

“ಹಲೋ, ಯಾರು?”

ನರಸಮ್ಮ ಫೋನನ್ನು ಮೊಮ್ಮಗಳ ಕಡೆಗೇ ತಳ್ಳಿದಳು. “ಸಣ್ಣಾಯಿ, ನಾ ಭಾಗ್ಯ. ಆಯಿ ಇದ್ದಾಳ ನೋಡು, ಮಾತಾಡ್ತಾಳಂತ,” ಅಂದಳು ಭಾಗ್ಯ.

ಆ ಕಡೆಯಿಂದ, ಕಾಲು ಹೇಗಿದೆ ಎಂದು ತೆಲುಗು ಬೆರೆಸಿ ಕೇಳುವ ಒಂದು ಸಣ್ಣ ದನಿ ಬಂತು.

“ಅಕ್ಕಾ, ಕಾಲು ಎಲಾ ಉಂದಿ?”

“ಬಾಗುಂದಿ, ಛಲೋ ಅದ,” ಅಂದಳು ನರಸಮ್ಮ. ಕಾಲು ಚೆನ್ನಾಗಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಕೇಳಿದಳು. “ಆ ಹಸರು ಸೀರಿ ಇನ್ನಾ ಇಟ್ಟಿಯಲ್ಲ?”

“ನೀ ಬಂದಿರ್ತಿ ಅಂತ ಉಟ್ಟುಕೊಂಡು ಬಂದಿದ್ನೆಕ್ಕಾ. ಮಂಟಪದಾಗ ಹುಡುಕಿದೆ, ಒಳಗ ಕೋಣ್ಯಾಗ ಹುಡುಕಿದೆ. ಉಣ್ಣಲಿಕ್ಕ ಕುಂದರೋ ಮುಂದ ಮಲ್ಲಿ ಹೇಳಿದ್ಳು, ಅವ್ವ ಬಿದ್ದಾಳ ಅಂತ. ತುತ್ತು ಇಳೀಲಿಲ್ಲ ನೋಡು.”

ನರಸಮ್ಮ ಫೋನನ್ನು ಭಾಗ್ಯಳ ಕೈಯಿಂದ ತೆಗೆದುಕೊಂಡಳು. ಸ್ಪೀಕರ್ ಆರಿಸುವುದು ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ಅದನ್ನು ಹಾಗೇ ಕಿವಿಗೆ ಒತ್ತಿಕೊಂಡಳು. ಮುಂದಿನ ಮಾತು ನಮಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಕಾಲು ಜಾರಿದ ಕಥೆ, ಮೊಮ್ಮಗನ ಶಾಲೆ, ಸತ್ತ ಎಮ್ಮೆ, ಯಾರದೋ ಹೆರಿಗೆ. ಇಬ್ಬರೂ ಒಂದೊಂದು ಸಂಗತಿಯನ್ನು ಎರಡೆರಡು ಸಲ ಹೇಳಿದರು, ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ. ಅವರು ಶುರು ಮಾಡಿದ ಯಾವ ಮಾತನ್ನೂ ನಾನು ಮುಗಿಸಲು ಹೋಗಲಿಲ್ಲ. ನಮ್ಮ ಮನೆಯವರು ಒಂದು ಕಲ್ಲಿನ ಧೂಳು ಒರೆಸಿ ನನಗೆ ಜಾಗ ಮಾಡಿಕೊಟ್ಟರು. ಕಾಡಿನ ಕಡೆಯಿಂದ ಗಾಳಿ ಬರುತ್ತಿತ್ತು, ಬಿಸಿಲು ಹಳದಿಗೆ ತಿರುಗಿತ್ತು. ಸೇಡಂಗೆ ಹೊರಡಬೇಕು ಎಂದು ಯಾರೂ ನೆನಪಿಸಲಿಲ್ಲ.

ಕೊನೆಗೂ ನರಸಮ್ಮ ಫೋನ್ ಕೆಳಗಿಟ್ಟಳು. ಮುಖ ಒರೆಸಿಕೊಂಡಳು.

“ಮುಂಜಾನಿ ಬಸ್ಸಿಗೆ ಬರ್ತಾಳಂತ.”

“ಛಲೋ ಆಯ್ತಲ್ಲ ಆಯಿ. ನಡಿ, ಕೆಳಗ ಹೋಗೂಣು,” ಎಂದು ಸುರೇಶ ಹೊರಸಿಗೆ ಕೈ ಹಾಕಿದ.

ನರಸಮ್ಮ ಅವನ ಕೈ ಮೇಲೆ ತಟ್ಟಿ ತಡೆದಳು. ದಿಬ್ಬದಿಂದ ಕೆಳಗೆ, ಕಾಡಿನ ನಡುವಿನಿಂದ ಬಳುಕಿ ಬರುವ ಕೆಂಪು ರಸ್ತೆಯನ್ನು ನೋಡುತ್ತಿದ್ದಳು.

“ಅಕಿ ಬರೋದು ನಾಳಿಗೆ ಆಯಿ, ಇವತ್ತಲ್ಲ,” ಅಂದಳು ಭಾಗ್ಯ.

“ಗೊತ್ತದ,” ಅಂದಳು ಮುದುಕಿ. “ಇಲ್ಲಿಂದ ರಸ್ತಾ ಛಲೋ ಕಾಣ್ತದ. ಇನ್ನೊಂದೀಟು ಕುಂದರ್ತೀನಿ.”

ನಾವೂ ಕೂತೆವು.